ಎಷ್ಟು ಸಲ ಬ್ಯಾಡ ಅನ್ನೂದು

ಸವದತ್ತಿ ತಾಲೂಕಿನ ಹೂಲಿಯ ಆಚೆಗಿನ ಆ ಹಳ್ಳಿಗೆ ನಾನು ಮೊದಲ ಸಲ ಹೋದದ್ದು, ಅಲ್ಲಿನ ಒಬ್ಬ ಹುಡುಗನನ್ನು ಜೈಲಿಗೆ ಕಳಿಸಬೇಕೋ ಬೇಡವೋ ಎಂದು ವಿಚಾರಿಸಲು. ಅವನಿಗಾಗ ಹತ್ತೊಂಬತ್ತು. ಕೆಲವು ಗೆಳೆಯರ ಜೊತೆ ಸೇರಿ ಹೊಲದ ಬಾವಿಗಳ ಪಂಪ್‌ಸೆಟ್ ಕೇಬಲ್ಲು ಕತ್ತರಿಸಿ, ಮೇಲಿನ ರಬ್ಬರು ಸುಟ್ಟು, ಒಳಗಿನ ತಾಮ್ರ ಮಾರಿದ್ದ. ಸಿಕ್ಕಿಬಿದ್ದ ಮೇಲೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಶಿಕ್ಷೆ ಹೇಳುವ ಮುನ್ನ ನ್ಯಾಯಾಧೀಶರು ನನ್ನ ವರದಿ ಕೇಳಿದ್ದರು.

ನಾನು ಪರಿವೀಕ್ಷಣಾಧಿಕಾರಿ. ಮೊದಲ ಸಲ ತಪ್ಪು ಮಾಡಿದವರನ್ನು, ಅದರಲ್ಲೂ ಎಳೆಯರನ್ನು, ನ್ಯಾಯಾಲಯ ಎಷ್ಟೋ ಸಲ ಜೈಲಿಗೆ ಕಳಿಸುವುದಿಲ್ಲ. ನೆಟ್ಟಗೆ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡುತ್ತದೆ. ಹಾಗೆ ಬಿಟ್ಟವರ ಮೇಲೆ ಕಣ್ಣಿಡುವುದು, ಜೊತೆಗೆ ಕೈ ಹಿಡಿಯುವುದು ನನ್ನ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕು ನನಗೆ ಬಿದ್ದಿವೆ. ನಾನು ನೇಸರಗಿಯವಳು, ಬಸ್ಸಿನಲ್ಲೇ ಬೆಳೆದವಳು, ಹಾಗಾಗಿ ತಿರುಗಾಟ ಭಾರವೆನಿಸಿಲ್ಲ. ಆದರೆ ನನ್ನ ಹುದ್ದೆಯ ಹೆಸರನ್ನು ಯಾರೂ ಪೂರ್ತಿ ಹೇಳಿದ್ದನ್ನು ಕೇಳಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ‘ಅಂಗನವಾಡಿಯವರೇನ್ರಿ?’ ಎಂದು ಕೇಳುತ್ತಾರೆ. ಅಲ್ಲವೆಂದರೆ ‘ಹಂಗಾರ ಸಂಘದ ಸಾಲದವರು’ ಎಂದು ತಾವೇ ತೀರ್ಪು ಕೊಡುತ್ತಾರೆ. ಹಳ್ಳಿಗಳಲ್ಲಿ ಕೊನೆಗೆ ನನಗೆ ನಿಂತ ಹೆಸರು ‘ನಿಗಾ ಬಾಯಾರು’, ನಿಗಾ ಇಡುವ ಮೇಡಂ.

ಆ ದಿನ ಹುಡುಗನ ತಾಯಿ ಊರ ಶಾಲೆಯಲ್ಲಿದ್ದಳು. ಬಿಸಿಯೂಟದ ಅಡುಗೆ ಅವಳದು. ಊಟ ಮುಗಿದು, ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಬಗ್ಗಿಸಿ ತಿಕ್ಕುತ್ತಿದ್ದಳು. ನಾನು ಯಾರೆಂದು ಹೇಳಿದೆ. ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿ, ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟಳು.

“ಅವ ಮಾಡ್ಯಾನ್ರಿ ಬಾಯಾರ,” ಎಂದಳು. “ನನ್ನ ಮಗಾ ಅಂಥಾವಲ್ಲ, ಗೆಳ್ಯಾರು ಕೆಡಿಸಿದ್ರು ಅಂತ ನಾ ಹೇಳಂಗಿಲ್ಲ. ಕತ್ತರಿ ಹಿಡದಾವ ಅವನ. ಇನ್ನ ಮುಂದ ಏನಂತ ಕೇಳ್ರಿ.”

ಮಗ ನಿರಪರಾಧಿ ಎಂದು ಎದೆ ಬಡಿದುಕೊಳ್ಳುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ, ಅವರ ಸಂಕಟ ಸುಳ್ಳಲ್ಲ. ಆದರೆ ಮೊದಲ ಮಾತಿನಲ್ಲೇ ನನ್ನ ಕೆಲಸ ಇಷ್ಟು ಹಗುರ ಮಾಡಿದವಳು ಇವಳೊಬ್ಬಳೇ. ಮಗ ಸಣ್ಣವನಿರುವಾಗಲೇ ಗಂಡ ತೀರಿಕೊಂಡಿದ್ದ. ಮಗ ಪಿಯುಸಿಯಲ್ಲಿ ಫೇಲಾಗಿ, ಟ್ರ್ಯಾಕ್ಟರಿನವರ ಹಿಂದೆ ಓಡಾಡುತ್ತ, ತನಗಿಂತ ಆರೇಳು ವರ್ಷ ದೊಡ್ಡವನೊಬ್ಬನ ಬೈಕಿನ ಹಿಂದೆ ಕೂರತೊಡಗಿದ್ದ. ಕೇಬಲ್ಲಿನ ಯೋಚನೆ ಆ ದೊಡ್ಡವನದು. ಅವನು ಹಿಂದೆಯೂ ಶಿಕ್ಷೆಯಾದವನು, ಹಾಗಾಗಿ ಈ ಸಲ ಅವನಿಗೆ ಜೈಲೇ ಆಯಿತು.

ಕೇಬಲ್ಲು ಕಳೆದುಕೊಂಡವರಲ್ಲಿ ಒಬ್ಬಳು ವಯಸ್ಸಾದ ರೈತ ಹೆಂಗಸು. ಅವಳ ಹೊಲಕ್ಕೂ ಹೋದೆ. ಕಡಲೆಯಲ್ಲಿ ಕಸ ತೆಗೆಯುತ್ತಿದ್ದವಳು ಬೆನ್ನು ನೆಟ್ಟಗೆ ಮಾಡಿ, ಹುಡುಗನನ್ನು ಮನಸಾರೆ ಬೈದಳು. ಬೈದು ಮುಗಿಸಿ, “ಜೇಲಿಗೆ ಹಾಕಿದ್ರ ಮುಂದೊಂದಿನ ಹೊರಗ ಬರತಾನಲ್ರಿ?” ಎಂದು ಕೇಳಿದಳು.

“ಬರತಾನ್ರಿ ಅಮ್ಮಾರ.”

“ಬಂದು ಎಲ್ಲಿಗೆ ಹೊಕ್ಕಾನ? ಇದ ಊರಿಗೆ. ನಾನೂ ಇದ ಊರಾಗ ಇರಬೇಕು. ಅಲ್ಲಿ ಇನ್ನಷ್ಟ ಕಲತ ಬರೂದಕ್ಕಿಂತ ಇಲ್ಲೇ ನಮ್ಮ ಕಣ್ಣ ಮುಂದ ಇರ್ಲಿ. ಬರಕೋರಿ ಹಂಗಂತ.”

ಬರೆದುಕೊಂಡೆ. ಎರಡು ವರ್ಷ ಸದ್ವರ್ತನೆಯ ಮುಚ್ಚಳಿಕೆಯ ಮೇಲೆ ಅವನನ್ನು ಬಿಟ್ಟರು. ಷರತ್ತುಗಳು ಸರಳವಾಗಿದ್ದವು. ತಾಯಿಯ ಮನೆಯಲ್ಲೇ ಇರಬೇಕು, ಹಳೆಯ ಗೆಳೆಯರ ಸಹವಾಸ ಕೂಡದು, ಹೇಳದೆ ತಾಲೂಕು ಬಿಡಬಾರದು, ಹದಿನೈದು ದಿನಕ್ಕೊಮ್ಮೆ ಸವದತ್ತಿಯಲ್ಲಿ ನಾನು ಕೂರುವ ಕೋಣೆಗೆ ಬಂದು ಮುಖ ತೋರಿಸಬೇಕು. ಜೊತೆಗೆ ಏನಾದರೂ ಕೆಲಸ ಹಿಡಿಯಬೇಕು.

ಸರಳ ಎಂದೆ. ಕಾಗದದ ಮೇಲೆ ಸರಳ.

ನನ್ನ ನಿಗಾದಲ್ಲಿರುವವರು ಯಾರು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ಕೇಳುತ್ತಾರೆ. ಹೆಚ್ಚಿನವರು ಗಂಡಸರು, ಅವರಲ್ಲೂ ಹೆಚ್ಚಿನವರು ಮೂವತ್ತು ದಾಟದವರು. ಶಾಲೆಯನ್ನು ನಡುವೆ ಬಿಟ್ಟವರು, ಟ್ರ್ಯಾಕ್ಟರ್ ಓಡಿಸುವವರು, ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ಹಮಾಲಿ ಮಾಡುವವರ ಮಕ್ಕಳು, ರಾಮದುರ್ಗದ ಕಡೆಯ ಮಗ್ಗದ ಹುಡುಗರು. ಹೆಂಗಸರು ಕೈಬೆರಳೆಣಿಕೆ. ಅವರಲ್ಲಿ ಒಬ್ಬಳು ನಳದ ಹತ್ತಿರದ ಜಗಳದಲ್ಲಿ ಓರಗಿತ್ತಿಯ ತಲೆಗೆ ಕೊಡದಿಂದ ಹೊಡೆದವಳು. ಈಗ ಇಬ್ಬರೂ ಕೂಡಿಯೇ ನನ್ನ ಹತ್ತಿರ ಬರುತ್ತಾರೆ, ಒಂದೇ ಬುತ್ತಿ ಬಿಚ್ಚುತ್ತಾರೆ. ಇನ್ನು ಕೆಲವರು ಹೊಲದ ಬದುವಿಗಾಗಿ ಬಡಿದಾಡಿದ ಹಿರಿಯರು. ಕಿತ್ತೂರಿನಿಂದ ಬರುವ ಅಂಥ ಒಬ್ಬ ಅಜ್ಜ ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆಯಲ್ಲಿ, ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಾನೆ. ಹಿರಿಯರಿಗೆ ಹೆಂಡತಿ, ಎತ್ತು, ಹೊಲ, ಬೀಗರು ಎಲ್ಲ ಇರುತ್ತಾರೆ. ಇನ್ನೊಮ್ಮೆ ಕೋರ್ಟು ಹತ್ತಿದರೆ ಮಗಳ ಮದುವೆಗೆ ಯಾರೂ ಬರಲಿಕ್ಕಿಲ್ಲ ಎಂಬ ಅಂಜಿಕೆಯೇ ಅವರನ್ನು ಕಾಯುತ್ತದೆ. ನಾನು ಕಾಯುವ ಕೆಲಸವೇ ಇಲ್ಲ.

ಕಷ್ಟವೆಲ್ಲ ಎಳೆಯರದು. ಅವರಿಗೆ ಕಳೆದುಕೊಳ್ಳುವುದಕ್ಕೆ ಇನ್ನೂ ಏನೂ ಕೂಡಿರುವುದಿಲ್ಲ, ಗೆಳೆಯರನ್ನು ಬಿಟ್ಟರೆ. ಇಪ್ಪತ್ತರ ಹುಡುಗನಿಗೆ ನ್ಯಾಯಾಧೀಶರ ಸಿಟ್ಟಿಗಿಂತ ಗೆಳೆಯರ ನಗೆಯ ಅಂಜಿಕೆ ದೊಡ್ಡದು. ಅವನ ಮೊಬೈಲ್ ನಂಬರು ತಿಂಗಳಿಗೊಮ್ಮೆ ಬದಲಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಮಹಾರಾಷ್ಟ್ರಕ್ಕೆ ಹೋಗಿಬಿಡುತ್ತಾನೆ, ಹೇಳಿ ಹೋಗಬೇಕೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಎದುರಿಗೆ ಕೂತಾಗ ಏನು ಕೇಳಿದರೂ ‘ಹೂಂರಿ’. ಆ ಹೂಂ ಒಳಗೆ ಏನಿದೆಯೆಂದು ತಿಳಿಯಬೇಕಾದರೆ ವರ್ಷವೇ ಬೇಕು. ಅಷ್ಟರಲ್ಲಿ ಮುಚ್ಚಳಿಕೆಯ ಅವಧಿ ಅರ್ಧ ಮುಗಿದಿರುತ್ತದೆ.

ಈ ಹುಡುಗನೂ ಮೊದಲಿಗೆ ಹೂಂ ಹುಡುಗನೇ. ಉದ್ದಕ್ಕೆ, ಸಣ್ಣಗೆ, ಕುರ್ಚಿಯ ತುದಿಯಲ್ಲಿ ಕೂತು ತನ್ನ ಚಪ್ಪಲಿ ನೋಡುತ್ತಿದ್ದ. ಏನು ಕೆಲಸ ಬರುತ್ತದೆ ಎಂದು ಕೇಳಿದರೆ ಏನೂ ಇಲ್ಲ ಎಂದ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ, ಕೋಣೆಯ ಫ್ಯಾನು ಕರ್ ಕರ್ ಎನ್ನುತ್ತ ನಿಂತುಹೋಯಿತು. ಅವನು ತಲೆಯೆತ್ತಿ ನೋಡಿದ. “ಕಂಡೆನ್ಸರ್ ಹೋಗೇತ್ರಿ,” ಎಂದ. ನಾನು ಕೇಳದೆಯೇ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಸವದತ್ತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದಿದೆ. ಸುಟ್ಟುಹೋದ ಪಂಪಿನ ಮೋಟಾರುಗಳನ್ನು ಬಿಚ್ಚಿ, ಹಳೆಯ ತಂತಿ ತೆಗೆದು, ಹೊಸ ತಂತಿ ಸುತ್ತಿ ಕೊಡುತ್ತಾರೆ. ಸುತ್ತಲಿನ ಹಳ್ಳಿಗಳ ಮೋಟಾರುಗಳೆಲ್ಲ ಅಲ್ಲಿಗೇ ಬರುತ್ತವೆ. ಅಂಗಡಿಯ ಮಾಲೀಕರು ಐವತ್ತು ದಾಟಿದವರು, ಹಣೆಗೆ ವಿಭೂತಿ, ಕೈಗೆ ಸದಾ ವಾರ್ನಿಷ್ ವಾಸನೆ. ನನ್ನ ತವರಿನ ಹೊಲದ ಮೋಟಾರು ಅವರಲ್ಲಿಗೆ ಬರುತ್ತಿತ್ತು, ಆ ಪರಿಚಯದ ಮೇಲೆ ಹುಡುಗನನ್ನು ಕರೆದುಕೊಂಡು ಹೋದೆ. ಏನನ್ನೂ ಮುಚ್ಚಿಡಲಿಲ್ಲ. ಅವನ ಪ್ರಕರಣ ಕೇಳಿ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಬಾಯಾರ, ನನ್ನ ಅಂಗಡಿಯಾಗ ಏನೈತಿ? ಗ್ವಾಡಿ ಬಿಟ್ರ ಬರೇ ತಾಮ್ರ ಐತಿ. ತಾಮ್ರ ಕದ್ದಾವನ್ನ ಹುಡಿಕ್ಯಾಡಿ ಇಲ್ಲಿಗೇ ಕರಕೊಂಡು ಬಂದೀರಲ್ಲ!”

ಹುಡುಗ ನೆಲ ನೋಡುತ್ತಲೇ ಹೇಳಿದ: “ಸಂಜೀಕ ಹೋಗೂವಾಗ ಕಿಸೆ ತೋರ್ಸಿ ಹೋಗತೇನ್ರಿ ಕಾಕಾ.”

ಮಾಲೀಕರು ಕನ್ನಡಕ ಮತ್ತೆ ಏರಿಸಿಕೊಂಡು ಅವನ ಬೆರಳುಗಳನ್ನು ನೋಡಿದರು. ಆಮೇಲೆ, “ಕಿಸೆ ಏನ ನೋಡೂದು, ಕೈ ನೋಡೂಣು. ನಾಳಿಂದ ಬಾ,” ಎಂದರು.

ಮೊದಲ ಕೆಲವು ತಿಂಗಳು ಅವನಿಗೆ ಸುಟ್ಟ ತಂತಿ ಕೀಳುವ ಕೆಲಸ ಮಾತ್ರ. ಬೆರಳೆಲ್ಲ ಗೀರಿಕೊಂಡು ಬರುತ್ತಿದ್ದ. ಆಮೇಲೆ ತಂತಿ ಕೂರುವ ಸಂದಿಗಳಿಗೆ ಕಾಗದ ಹಚ್ಚುವುದು, ಕಾಯಿಲ್ ಸುತ್ತುವುದು. ನಾನು ದಾರಿಯಲ್ಲಿ ಹೋಗುವಾಗ ಒಮ್ಮೊಮ್ಮೆ ಹೊರಗಿನಿಂದಲೇ ನೋಡುತ್ತಿದ್ದೆ. ಅವನು ತುಟಿ ಕಚ್ಚಿ ಸುತ್ತು ಎಣಿಸುತ್ತಿರುತ್ತಿದ್ದ, ಮಾತನಾಡಿಸಿದರೆ ಎಣಿಕೆ ತಪ್ಪುತ್ತದೆಂದು ಬರೀ ಹುಬ್ಬು ಹಾರಿಸುತ್ತಿದ್ದ. ಹುಬ್ಬು ಹಾರಿಸುವಷ್ಟು ಸಲಿಗೆ ಬಂದದ್ದೇ ನನಗೆ ದೊಡ್ಡದು. ಹದಿನೈದು ದಿನದ ಭೇಟಿಗಳಲ್ಲೂ ಹೂಂ ಕಡಿಮೆಯಾಯಿತು. ಯಾವ ಊರಿನ ಮೋಟಾರು ಯಾಕೆ ಸುಟ್ಟಿತು, ಕರೆಂಟು ಏರಿಳಿದಾಗ ಏನಾಗುತ್ತದೆ, ಕಾಕಾ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ, ಎಲ್ಲ ಹೇಳುತ್ತಿದ್ದ. ತಾಯಿಗೆ ಒಂದು ಮಿಕ್ಸರ್ ರಿಪೇರಿ ಮಾಡಿ ಕೊಟ್ಟದ್ದನ್ನು ಅವನಿಗಿಂತ ಮೊದಲು ತಾಯಿಯೇ ಫೋನು ಮಾಡಿ ಹೇಳಿದಳು.

ಒಂದು ವರ್ಷ ಕಳೆದು ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಭೇಟಿಗೆ ಅವನು ಬರಲಿಲ್ಲ. ಫೋನು ಬಂದ್. ಮರುದಿನ ಅಂಗಡಿಗೆ ಹೋದೆ. ಮಾಲೀಕರು ಮೋಟಾರಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು.

“ನಾಕ ದಿನಾ ಆತ್ರಿ ಬಂದಿಲ್ಲ,” ಎಂದರು. “ನೀವು ಕೇಳೂಕಿಂತ ಮದ್ಲ ನಾನ ಎಲ್ಲಾ ತೂಗಿ ನೋಡೇನಿ. ತಾಮ್ರ ಎಲ್ಲಾ ಐತಿ. ಹುಡುಗ ಇಲ್ಲ.” “ತಾಮ್ರ ಹೋಗಿ ಹುಡುಗ ಉಳದಿದ್ರ ಇಷ್ಟ ಕೆಟ್ಟ ಅನಸ್ತಿರಲಿಲ್ಲ,” ಎಂದರು.

ಅಲ್ಲಿಂದ ನೇರ ಹಳ್ಳಿಗೆ ಹೋದೆ. ತಾಯಿ ಶಾಲೆಯ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿದ್ದೇ ಮೊರ ಕೆಳಗಿಟ್ಟಳು.

“ಎಲ್ಲಿ ಅದಾನಂತ ನನಗ ಗೊತ್ತೈತ್ರಿ,” ಎಂದಳು. “ಹೇಳಂಗಿಲ್ಲ.”

“ಅವ್ವಾ, ನಾ ಕೋರ್ಟಿಗೆ ಹೇಳಬೇಕಾಗತೈತಿ. ಷರತ್ತು ಮುರದಾನ. ಮುಚ್ಚಳಿಕಿ ರದ್ದಾದ್ರ ಜೇಲು.”

“ಗೊತ್ತೈತಿ. ಸುಳ್ಳ ಹೇಳಿ ನಿಮ್ಮನ್ನ ಬ್ಯಾರೆ ಊರಿಗೆ ತಿರಗಸಬಹುದಿತ್ತು. ಹಂಗ ಮಾಡಂಗಿಲ್ಲ. ಅವನ್ನ ಕೇಳಿ ಹೇಳತೇನಿ. ಒಂದ ದಿನಾ ಕೊಡ್ರಿ.”

ಒಂದು ದಿನ ಕೊಟ್ಟೆ. ನ್ಯಾಯಾಲಯಕ್ಕೂ ಇದ್ದದ್ದನ್ನು ಇದ್ದಂತೆ ತಿಳಿಸಿದೆ: ಬಂದಿಲ್ಲ, ಹುಡುಕುತ್ತಿದ್ದೇನೆ, ಕಾರಣ ತಿಳಿಯಲು ಸಮಯ ಬೇಕು. ಬೆಳಗಾವಿಯ ನಮ್ಮ ಕಚೇರಿಯ ಹಿರಿಯರು ಫೋನಿನಲ್ಲಿ, “ಇಂಥವರು ಬಹಳ ಜನ ಹೋಗತಾರ, ಮನಸಿಗೆ ಹಚ್ಚಿಕೋಬ್ಯಾಡ್ರಿ,” ಎಂದರು. ಅವರ ಅನುಭವ ದೊಡ್ಡದು. ನಾನು ಮಾತ್ರ ಹಚ್ಚಿಕೊಂಡಾಗಿತ್ತು.

ಮರುದಿನ ಮುಂಜಾನೆ ತಾಯಿಯ ಫೋನು ಬಂತು. “ತೊರಗಲ್ಲಿಗೆ ಹೋಗ್ರಿ. ನನ್ನ ತಮ್ಮನ ಮನ್ಯಾಗ ಅದಾನ. ಪೊಲೀಸರನ್ನ ಕರಕೊಂಡು ಹೋಗಬ್ಯಾಡ್ರಿ. ನೀವೊಬ್ರ ಹ್ವಾದ್ರ ಓಡಂಗಿಲ್ಲ ಅಂದಾನ.”

ರಾಮದುರ್ಗಕ್ಕೆ ಹೋಗಿ ಅಲ್ಲಿಂದ ತೊರಗಲ್ಲಿಗೆ ಇನ್ನೊಂದು ಬಸ್ಸು ಹಿಡಿದೆ. ಸೋದರಮಾವನ ಹೊಲ ಕೋಟೆಯ ಗುಡ್ಡದ ಕೆಳಗೆ, ಕರಿಮಣ್ಣಿನಲ್ಲಿ ಜೋಳ ಮೊಣಕಾಲುದ್ದ ಬಂದಿತ್ತು. ಬಾವಿಯ ಪಕ್ಕದ ತಗಡಿನ ಗೂಡಿನಲ್ಲಿ ಹುಡುಗ ಪಂಪಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಓಡಲಿಲ್ಲ. ಮಾವ ಒಂದು ಗೋಣಿಚೀಲ ಹಾಸಿ, “ಕೂಡ್ರಿ ಬಾಯಾರ,” ಎಂದು ಹೇಳಿ, ಮಾತಿಗೆ ಜಾಗ ಬಿಟ್ಟು ಎತ್ತುಗಳ ಕಡೆ ಹೋದ.

“ಯಾಕ ತಮ್ಮಾ?” ಎಂದೆ.

ಅವನು ಬಿಚ್ಚಿದ ತಿರುಪುಗಳನ್ನೆಲ್ಲ ಒಂದು ಮುಚ್ಚಳದೊಳಗೆ ಕೂಡಿಸಿಟ್ಟ. ಆಮೇಲೆ ಹೇಳಿದ.

ಬೈಕಿನ ದೊಡ್ಡವನು ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದ. ಮೊದಲ ದಿನ ರಿವೈಂಡಿಂಗ್ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಕೂತು ಬರೀ ನಕ್ಕು ಹೋದ. ಎರಡನೆಯ ಸಲ ಚಹಾ ಕುಡಿಸಿದ. ಮೂರನೆಯ ಸಲ ಕೆಲಸ ಹೇಳಿದ. ಕದಿಯುವುದೇನೂ ಬೇಡ, ಬರೀ ಹೇಳಿದರೆ ಸಾಕು: ಯಾವ ಊರಿನ ಯಾವ ಬಾವಿಯ ಮೋಟಾರು ರಿಪೇರಿಗೆ ಬಂದಿದೆ? ಮೋಟಾರು ಅಂಗಡಿಯಲ್ಲಿದ್ದಾಗ ರೈತ ಬಾವಿಯ ಕಡೆ ಹೋಗುವುದಿಲ್ಲ, ಅಲ್ಲಿ ಕೇಬಲ್ಲು ಅನಾಥವಾಗಿ ಬಿದ್ದಿರುತ್ತದೆ.

“ನಾ ಬ್ಯಾಡ ಅಂದ್ನಿ,” ಎಂದ ಹುಡುಗ. “ನಗತಾನ್ರಿ ಮೇಡಂ. ಮತ್ತ ಮರದಿನಾ ಬರತಾನ. ಮತ್ತ ಬ್ಯಾಡ ಅಂದ್ನಿ. ಬಸ್‌ಸ್ಟ್ಯಾಂಡಿಗೆ ಬರತಾನ, ಮನಿ ಮುಂದ ಗಾಡಿ ನಿಲ್ಲಸ್ತಾನ. ಒದರಾಡಂಗಿಲ್ಲ, ಬಡಿಯಂಗಿಲ್ಲ. ‘ಏನ್ಲೇ, ಹಳೇ ದೋಸ್ತ’ ಅಂತ ಹೆಗಲ ಮ್ಯಾಲ ಕೈ ಹಾಕತಾನ. ಬಡದಿದ್ರ ಚೊಲೊ ಇತ್ತು. ಎಷ್ಟ ಸಲ ಬ್ಯಾಡ ಅನ್ನೂದ್ರಿ? ಅಲ್ಲೇ ಇದ್ರ ಒಂದಿನ ನಾ ಹೂಂ ಅಂತಿದ್ನಿ. ಅದು ನನಗ ಗೊತ್ತಾತು. ಅದಕ್ಕ ಬಂದ್ನಿ.”

ತನ್ನ ಗಟ್ಟಿತನದ ಬಗ್ಗೆ ಕೊಚ್ಚಿಕೊಳ್ಳುವ ಗಂಡಸರನ್ನು ನನ್ನ ಕುರ್ಚಿಯ ಎದುರು ದಿನವೂ ಕಾಣುತ್ತೇನೆ. ತಾನು ಎಲ್ಲಿ ಮುರಿಯುತ್ತೇನೆಂದು ಮೊದಲೇ ತಿಳಿದು, ಮುರಿಯುವ ಮುಂಚೆ ಎದ್ದು ಹೋದವನನ್ನು ನೋಡಿದ್ದು ಅದೇ ಮೊದಲು. ಇಪ್ಪತ್ತರ ವಯಸ್ಸಿನಲ್ಲಿ ನನಗೂ ಅಷ್ಟು ತಿಳಿದಿರಲಿಲ್ಲ. ಈಗಲೂ ಎಷ್ಟು ತಿಳಿದಿದೆಯೋ.

“ನನಗ ಹೇಳಬೇಕಿತ್ತಲ್ಲ?” ಎಂದೆ.

“ನಿಮಗ ಹೇಳಿದ್ರ ನೀವು ಪೊಲೀಸರಿಗೆ ಹೇಳತಿದ್ರಿ. ಅವರು ಅವನ್ನ ಕರಸತಿದ್ರು. ಸಂಜೀಕ ಬಿಟ್ಟ ಕಳಸತಿದ್ರು. ಬಿಟ್ಟ ಮ್ಯಾಲ ಅವ ಎಲ್ಲಿಗೆ ಹೊಕ್ಕಾನ? ಅವ್ವ ಒಬ್ಬಾಕಿನ ಇರತಾಳ್ರಿ ಮನ್ಯಾಗ.”

ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟವಾಯಿತು. ಅಲ್ಲಿ ಕೂತಾಗ ಇನ್ನೊಂದು ವಿಷಯವೂ ನನಗೆ ಸ್ಪಷ್ಟವಾಯಿತು. ತಾಯಿಯ ಮನೆಯಲ್ಲೇ ಇರಬೇಕೆಂಬ ಷರತ್ತು ಅವನ ಒಳ್ಳೆಯದಕ್ಕೇ ಹಾಕಿದ್ದು, ಆದರೆ ಅದೇ ಅವನನ್ನು ದಿನವೂ ಆ ಬೈಕಿನ ದಾರಿಯಲ್ಲಿ ನಿಲ್ಲಿಸಿತ್ತು. ಇನ್ನೊಂದು ಷರತ್ತು ಆ ಸಹವಾಸ ಕೂಡದು ಎನ್ನುತ್ತಿತ್ತು. ಎರಡನ್ನೂ ಒಟ್ಟಿಗೆ ಪಾಲಿಸಲು ದಾರಿಯಿರಲಿಲ್ಲ. ಅವನು ಎರಡರಲ್ಲಿ ದೊಡ್ಡದನ್ನು ಆರಿಸಿಕೊಂಡಿದ್ದ.

“ಆದ್ರೂ ಕೋರ್ಟಿಗೆ ಬರಬೇಕಪಾ,” ಎಂದೆ. “ಅಲ್ಲಿ ಏನಾಕ್ಕೈತಿ ಅಂತ ನಾ ಮಾತ ಕೊಡಂಗಿಲ್ಲ. ಜೇಲೂ ಆಗಬಹುದು.”

“ನೀವು ಕರಕೊಂಡು ಹೋಗಬೇಕೇನ್ರಿ, ನಾನ ಬರಬಹುದಾ?”

“ನೀನ ಬಾ. ಅದ ಚೊಲೊ.”

“ಹಂಗಾರ ಬರತೇನಿ,” ಎಂದ. ತಿರುಪುಗಳ ಮುಚ್ಚಳ ಮತ್ತೆ ಕೈಗೆತ್ತಿಕೊಂಡ. “ಇದಷ್ಟ ಜೋಡಿಸಿ ಮಾವನ ಮೋಟಾರ್ ಚಾಲೂ ಮಾಡತೇನ್ರಿ. ನೀರ ನಿಂತೈತಿ.”

ವಿಚಾರಣೆಯ ದಿನ ನಾನು ನ್ಯಾಯಾಲಯದ ಅಂಗಳಕ್ಕೆ ಹೋದಾಗ ಅವನು ಆಗಲೇ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದ. ಮಾವ ಪಕ್ಕದಲ್ಲಿ. ತಾಯಿ ಶಾಲೆಗೆ ರಜೆ ಹಾಕಿ ಬಂದಿದ್ದಳು. ನಾನು ಕರೆಯದಿದ್ದರೂ ರಿವೈಂಡಿಂಗ್ ಅಂಗಡಿಯ ಮಾಲೀಕರು ಅಂಗಡಿ ಮುಚ್ಚಿ ಬಂದು, ಸ್ವಲ್ಪ ದೂರದಲ್ಲಿ, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿದ್ದರು.

ನ್ಯಾಯಾಧೀಶರು ನನ್ನ ವರದಿ ಓದಿ ಹುಡುಗನನ್ನು ಮುಂದೆ ಕರೆದರು. ಹೇಳದೆ ಯಾಕೆ ಹೋದೆ ಎಂದು ಕೇಳಿದರು. ತೊರಗಲ್ಲಿನ ಬಾವಿಯ ಹತ್ತಿರ ನನಗೆ ಹೇಳಿದ್ದನ್ನೇ ಅವನು ಹೇಳಿದ, ಅಲ್ಲಲ್ಲಿ ತಡವರಿಸುತ್ತ. ‘ಒಂದಿನ ಹೂಂ ಅಂತಿದ್ನಿ’ ಎಂಬ ಮಾತು ಬಂದಾಗ ದನಿ ಸಣ್ಣಗಾಯಿತು. ನ್ಯಾಯಾಧೀಶರು ಇನ್ನೊಮ್ಮೆ ಜೋರಾಗಿ ಹೇಳು ಎಂದರು. ಜೋರಾಗಿ ಹೇಳಿದ. ವಕೀಲರ ಸಾಲಿನಲ್ಲಿ ಯಾರೋ ತಿರುಗಿ ನೋಡಿದರು.

“ನಿನ್ನ ಹತ್ತಿರ ಬರುತ್ತಿದ್ದವನು ಯಾರು?”

ವರದಿಯಲ್ಲಿ ನಾನು ‘ಹಳೆಯ ಗೆಳೆಯ’ ಎಂದಷ್ಟೇ ಬರೆದಿದ್ದೆ.

“ಹೆಸರು ಹೇಳಂಗಿಲ್ರಿ ಸಾಹೇಬ್ರ,” ಎಂದ ಹುಡುಗ. “ಅವನ್ನ ಹಿಡಿಸಾಕ ನಾ ಬಂದಿಲ್ಲ. ನಾ ಮಾಡಿದ್ದಕ್ಕ ಬಂದೇನಿ. ನನ್ನ ವಿಷಯ ಅಷ್ಟ ಕೇಳ್ರಿ.”

ನ್ಯಾಯಾಧೀಶರಿಗೆ ಸಿಟ್ಟು ಬಂದಿತೆಂದೇ ನಾನು ತಿಳಿದೆ. ಅವರು ಪೆನ್ನನ್ನು ಮೇಜಿನ ಮೇಲೆ ಮಲಗಿಸಿ, ಹಿಂದಿನ ಬೆಂಚಿನ ಕಡೆ ನೋಡಿದರು. “ತಾಯಿ ಬಂದಿದ್ದಾರೆಯೇ?”

ಅವಳು ಎದ್ದು ನಿಂತಳು.

“ಇವನು ತೊರಗಲ್ಲಿನಲ್ಲೇ ಇದ್ದರೆ ಮನೆಯಲ್ಲಿ ನೀವು ಒಬ್ಬರೇ ಆಗುತ್ತೀರಿ. ಭಯವಿಲ್ಲವೇ?”

“ಐತ್ರಿ,” ಎಂದಳು ತಾಯಿ. “ಖರೇ ಆ ಅಂಜಿಕಿ ನಾ ತಡಕೋತೇನಿ. ಸಾಲಿ ಅಡಗಿ ಮನ್ಯಾಗ ಇಷ್ಟುದ್ದನ ಹುಟ್ಟು ಐತ್ರಿ. ಬಾಜೂದವರು ಅದಾರ. ಅವ ಕೆಡತಾನನ್ನೂ ಅಂಜಿಕಿ ಮಾತ್ರ ತಡಕೊಳ್ಳಾಕ ಆಗಂಗಿಲ್ಲ.”

ಹುಟ್ಟು ಎಂದಾಗ ಅವಳ ಕೈ ತಾನಾಗಿ ಆ ದೊಡ್ಡ ಸೌಟಿನ ಉದ್ದ ತೋರಿಸಿತು. ನ್ಯಾಯಾಧೀಶರ ಮುಖದಲ್ಲಿ ನಗೆಯ ಗೆರೆಯೊಂದು ಬಂದು ಹೋಯಿತು. ಆಮೇಲೆ ನನ್ನ ಕಡೆ ತಿರುಗಿ, ನಾನೇನು ಹೇಳುತ್ತೇನೆ ಎಂದರು. ವಾಸದ ಷರತ್ತನ್ನು ಬದಲಿಸಿ, ಉಳಿದ ಅವಧಿಯನ್ನು ತೊರಗಲ್ಲಿನ ಸೋದರಮಾವನ ಮನೆಯಲ್ಲಿ ಕಳೆಯಲು ಬಿಡಬೇಕೆಂದು ಕೇಳಿಕೊಂಡೆ. ರಾಮದುರ್ಗವೂ ನನ್ನದೇ ತಾಲೂಕು, ಅಲ್ಲಿಯೂ ನಾನು ಕೂರುತ್ತೇನೆ ಎಂದೆ. ಮಾವ ಜಾಮೀನಿಗೆ ಸಹಿ ಹಾಕಲು ಸಿದ್ಧನಿದ್ದ. ಕೆಲಸದ ಬಗ್ಗೆ ಕೇಳಿದಾಗ, ಸಂಬಂಧವಿಲ್ಲದಂತೆ ನಿಂತಿದ್ದ ಮಾಲೀಕರು ಬಾಗಿಲ ಹತ್ತಿರದಿಂದಲೇ ಕೈ ಎತ್ತಿದರು. “ತೊರಗಲ್ಲಿನ ಕಡೆ ಮೋಟಾರ್ ಸುಡೂದಿಲ್ಲೇನ್ರಿ ಸಾಹೇಬ್ರ? ಸಾಮಾನು ನಾ ಕಳಸತೇನಿ. ಅವ ಅಲ್ಲೇ ಮಾಡ್ಲಿ.”

ನ್ಯಾಯಾಧೀಶರು ಒಪ್ಪಿದರು. ಇನ್ನೊಮ್ಮೆ ಹೇಳದೆ ಹೋದರೆ ಕಾರಣ ಕೇಳುವುದಿಲ್ಲ, ಜೈಲೇ ಎಂದು ಎಚ್ಚರಿಕೆಯನ್ನೂ ಕೊಟ್ಟರು. ಹೊರಗೆ ಬಂದ ಮೇಲೆ ತಾಯಿ ಮಗನ ಮೈ ಮುಟ್ಟಲಿಲ್ಲ, ಅಳಲೂ ಇಲ್ಲ. “ಉಂಡೀ ಏನು?” ಎಂದಷ್ಟೇ ಕೇಳಿ, ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. ನಾವೆಲ್ಲ ಆ ಬೇವಿನ ನೆರಳಲ್ಲೇ ಕೂತು ಅವಳ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮಾಲೀಕರು ಎರಡನೆಯ ರೊಟ್ಟಿಗೆ ಬೇಡ ಎನ್ನಲಿಲ್ಲ.

ಮುಂದಿನ ದಿನಗಳು ಸುಲಭವಾಗಿದ್ದವು ಎಂದರೆ ತಪ್ಪಾಗುತ್ತದೆ. ತೊರಗಲ್ಲಿನಲ್ಲಿ ಅವನ ಹಿಂದಿನ ಕಥೆ ಊರಿಗೆ ತಿಳಿದು, ಸುಟ್ಟ ಮೋಟಾರನ್ನು ಅವನ ಕೈಗೆ ಕೊಡಲು ಯಾರೂ ಒಪ್ಪಲಿಲ್ಲ. ಎರಡು ತಿಂಗಳು ಮಾವನ ಹೊಲದಲ್ಲಿ ಬರೀ ಕಳೆ ತೆಗೆದ. ಒಮ್ಮೆ ನನ್ನ ಮುಂದೆಯೇ ಸಿಟ್ಟಿನಿಂದ, “ಎಷ್ಟ ವರ್ಷ ಕಳ್ಳ ಅನ್ನಿಸಿಕೊಳ್ಳೂದ್ರಿ?” ಎಂದು ಕುರ್ಚಿ ಸರಿಸಿ ಎದ್ದು ಹೋದ. ಹದಿನೈದು ದಿನಕ್ಕೆ ಮತ್ತೆ ಬಂದ, ತಪ್ಪದೆ. ಅಷ್ಟರಲ್ಲಿ ಕೋಟೆಯ ಹಿಂದಿನ ಹೊಲದವರ ಮೋಟಾರು ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿ ಕೈಕೊಟ್ಟು, ಬೇರೆ ದಾರಿಯಿಲ್ಲದೆ ಅವನನ್ನು ಕರೆದಿದ್ದರು. ಅದು ಓಡಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ದೊಡ್ಡವನು ಒಂದೆರಡು ಸಲ ತಾಯಿಯ ಮನೆಯ ಮುಂದೆ ಬೈಕು ನಿಲ್ಲಿಸಿದನಂತೆ. ನೆರೆಯ ಹೆಂಗಸರು ಬಾಗಿಲಲ್ಲಿ ಬಂದು ನಿಂತು ನೋಡುತ್ತಲೇ ಇದ್ದರಂತೆ. ಮೂರನೆಯ ಸಲ ಬರಲಿಲ್ಲ.

ಆ ದಿನಗಳಲ್ಲೇ ರಾಮದುರ್ಗದ ಕೋಣೆಗೆ ಬರುತ್ತಿದ್ದ ಇನ್ನೊಬ್ಬ ತರುಣ, ಮಗ್ಗದ ಕೆಲಸದವನು, ಬೈಕ್ ಕಳವಿನಲ್ಲಿ ಸಿಕ್ಕವನು, ಇವನ ಜೊತೆ ಬೆಂಚಿನ ಮೇಲೆ ಕೂತು ಮಾತಿಗಿಳಿದ. ಹಳೆಯ ಗೆಳೆಯರು ಬಿಡುತ್ತಿಲ್ಲ ಎಂದು ಹೇಳಿಕೊಂಡಿರಬೇಕು. ಒಳಗಿದ್ದ ನನಗೆ ಇವನ ಉತ್ತರ ಮಾತ್ರ ಕೇಳಿಸಿತು. “ಬ್ಯಾಡ ಬ್ಯಾಡ ಅನಕೋತ ಕುಂಡ್ರಬ್ಯಾಡಲೇ. ಅದು ದಿನಾ ಸವೀತೈತಿ. ಜಾಗಾ ಬಿಡು. ಹೋಗೂವಾಗ ಮೇಡಮ್ಮಾರಿಗೆ ಹೇಳಿ ಹೋಗು. ನಾ ಹೇಳದ ಹೋಗಿ ಫಜೀತಿ ಆಗಿತ್ತು.”

ಅಂದಿನಿಂದ ನಾನು ಪ್ರತಿ ಎಳೆಯನನ್ನೂ ವರದಿಗೆ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ನೀನು ಎಲ್ಲಿದ್ದರೆ ಚೆನ್ನಾಗಿರುತ್ತೀ? ಕೆಲವರು ಅಜ್ಜಿಯ ಊರು ಎನ್ನುತ್ತಾರೆ, ಕೆಲವರು ಅಕ್ಕನ ಮನೆ. ಕೆಲವರು ಇಲ್ಲೇ ಎನ್ನುತ್ತಾರೆ, ಅದೂ ಸರಿಯೇ. ಅವರ ಉತ್ತರವನ್ನು ವರದಿಯಲ್ಲಿ ಬರೆಯುತ್ತೇನೆ. ನ್ಯಾಯಾಲಯ ಪ್ರತಿ ಸಲವೂ ಒಪ್ಪುವುದಿಲ್ಲ. ಒಪ್ಪಿದಲ್ಲೆಲ್ಲ ಹುಡುಗರು ಉಳಿದರು ಎಂದೂ ಹೇಳಲಾರೆ. ಆದರೆ ಆ ಪ್ರಶ್ನೆ ಕೇಳಿದಾಗ ಚಪ್ಪಲಿ ನೋಡುತ್ತಿದ್ದವರು ತಲೆ ಎತ್ತುತ್ತಾರೆ.

ಎರಡು ವರ್ಷ ಮುಗಿದ ದಿನ ಅವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಮುಗಿಯಿತು, ಇನ್ನು ನೀನು ನನ್ನ ಹತ್ತಿರ ಬರಬೇಕಾಗಿಲ್ಲ ಎಂದೆ. ಸ್ವಲ್ಪ ಹೊತ್ತು ಅಲ್ಲೇ ಕೂತ.

“ಇನ್ನ ಎಲ್ಲಿ ಬೇಕಾದ್ರೂ ಹೋಗಬಹುದೇನ್ರಿ? ಯಾರನ್ನೂ ಕೇಳೂದು ಬ್ಯಾಡಾ?”

“ಬ್ಯಾಡ. ಎಲ್ಲಿಗೆ ಹೊಂಟೀ?”

“ಗೋವಾಕ್ಕ. ಕೆಲಸಕ್ಕಲ್ರಿ. ನಮ್ಮವ್ವ ಸಮುದ್ರ ನೋಡಿಲ್ಲ. ನಾನೂ ನೋಡಿಲ್ಲ.”

ಕೆಲವು ದಿನಗಳ ನಂತರ, ನಾನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ಸೆರಗು ಹೊದ್ದು ಕೂತಿದ್ದಾಗ, ಮೊಬೈಲಿಗೆ ಅವನದೊಂದು ವಾಯ್ಸ್ ಮೆಸೇಜು ಬಂತು. ಮೊದಲು ಬರೀ ಭೋರ್ ಎಂಬ ಸದ್ದು. ನಂತರ ತಾಯಿಯ ಕೂಗು: “ಏ, ಸೀರಿ ತೊಯ್ತೋ! ಹಿಂದಕ ಸರೀಲೇ, ಮತ್ತ ಬಂತು ನೋಡು!” ಆಮೇಲೆ ಇಬ್ಬರೂ ನಗುವುದು ಕೇಳಿಸಿತು, ಅದರ ಮೇಲೆ ಇನ್ನೊಂದು ಅಲೆ. ರಾಮದುರ್ಗದ ಬಸ್ಸು ಬಂದು ನಿಂತರೂ ನಾನು ಅದನ್ನು ಕಿವಿಗೆ ಹಚ್ಚಿಕೊಂಡೇ ಇದ್ದೆ.